ಹಡಗು ನಿಂತಿದೆ, ಆಕಾಶವೇ ಓಡುತ್ತಿದೆ

ಓಡುವ ರೈಲಿನಲ್ಲಿ ಚಹಾ ಮಾರುವವನೊಬ್ಬ ಕೆಟಲು ಹಿಡಿದುಕೊಂಡು ಬೋಗಿಯ ಈ ತುದಿಯಿಂದ ಆ ತುದಿಗೆ ನಡೆದು ಹೋಗುತ್ತಾನೆ. ಕಿಟಕಿಯ ಪಕ್ಕದ ಮಗು ಚೆಂಡೊಂದನ್ನು ಮೇಲೆಸೆದು ಹಿಡಿಯುತ್ತಿದೆ. ರೈಲಿನ ವೇಗ ಗಂಟೆಗೆ 80 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಚೆಂಡು ಗಾಳಿಯಲ್ಲಿರುವ ಒಂದು ಸೆಕೆಂಡಿನಲ್ಲಿ ರೈಲು 22 ಮೀಟರ್ ಮುಂದೆ ಸಾಗಿರುತ್ತದೆ. ಅದು ಹೆಚ್ಚುಕಡಿಮೆ ಒಂದು ಬೋಗಿಯ ಉದ್ದ. ಆದರೂ ಚೆಂಡು ಹಿಂದಿನ ಬೋಗಿಗೆ ಹೋಗಿ ಬೀಳುವುದಿಲ್ಲ. ಮಗುವಿನ ಕೈಗೇ ಮರಳುತ್ತದೆ. ಇದನ್ನು ಕಂಡು ಬೋಗಿಯಲ್ಲಿ ಯಾರೂ ಬೆರಗಾಗುವುದಿಲ್ಲ.

ಇದೇ ದೃಶ್ಯವನ್ನು ವಿಡಿಯೊ ಗೇಮಿನಲ್ಲಿ ತೋರಿಸಬೇಕೆಂದರೆ ಮಾತ್ರ ತಯಾರಕರ ಹಣೆಯಲ್ಲಿ ಬೆವರು ಮೂಡುತ್ತದೆ. ರೈಲಿನ ಬದಲು ಅದು ವ್ಯೋಮನೌಕೆಯಾದರಂತೂ ಕಷ್ಟ ಇಮ್ಮಡಿ. ಆಟಗಾರ ಚಾಲಕನ ಕುರ್ಚಿಯಿಂದ ಏಳಬೇಕು, ಹಿಂದಿನ ಕೋಣೆಗೆ ನಡೆದು ಹೋಗಬೇಕು, ಮೇಜಿನ ಮೇಲಿನ ಲೋಟ ಎತ್ತಿಕೊಳ್ಳಬೇಕು. ಅಷ್ಟು ಹೊತ್ತೂ ನೌಕೆ ನಕ್ಷತ್ರಗಳ ನಡುವೆ ಧಾವಿಸುತ್ತಲೇ ಇರಬೇಕು. ಕೇಳಲು ಸುಲಭ. ಆದರೆ ಈ ನಾಲ್ಕು ಹೆಜ್ಜೆಯ ನಡಿಗೆಯನ್ನು ಸಾಧಿಸಲು ಗೇಮ್ ಉದ್ಯಮಕ್ಕೆ ಹಲವು ವರ್ಷಗಳೇ ಬೇಕಾದವು.

ಬಹುಕಾಲ ಈ ಆಟಗಳಲ್ಲಿ ಎರಡು ಜಾತಿಗಳಿದ್ದವು. ಒಂದರಲ್ಲಿ ಆಟಗಾರನೇ ನೌಕೆ, ಅವನಿಗೆ ಕಾಲುಗಳಿಲ್ಲ. ಇನ್ನೊಂದರಲ್ಲಿ ಅವನಿಗೆ ಕಾಲುಗಳಿವೆ, ಆದರೆ ಅವನು ನಡೆಯುವ ನೆಲ ಅಲುಗುವುದಿಲ್ಲ. 2014ರಲ್ಲಿ ಬಂದ 'ಎಲೀಟ್: ಡೇಂಜರಸ್' ಎಂಬ ಹೆಸರಾಂತ ಆಟ ಆಟಗಾರರ ಮುಂದೆ ಆಕಾಶಗಂಗೆಯನ್ನೇ ಹರಡಿತು. ಆದರೆ ಕುರ್ಚಿ ಬಿಟ್ಟು ಏಳಲು ಬಿಡಲಿಲ್ಲ. 2021ರ ಅದರ ವಿಸ್ತರಣೆಯಲ್ಲಿ ಗ್ರಹಗಳ ಮೇಲೆ ಕಾಲಿಡಲು ಅವಕಾಶವಾಯಿತು. ಆದರೂ ನೌಕೆಯ ಒಳಗಿನ ಓಡಾಟ ಸಿಗಲಿಲ್ಲ. ಪರದೆ ಒಂದು ಕ್ಷಣ ಕಪ್ಪಾಗಿ, ಆಟಗಾರ ನೇರ ಹೊರಗೆ ನಿಂತಿರುತ್ತಿದ್ದ. 2016ರಲ್ಲಿ ಬಂದ 'ನೋ ಮ್ಯಾನ್ಸ್ ಸ್ಕೈ' ಆಟದಲ್ಲಿ, ತಾನೇ ಕಟ್ಟಿದ ನೌಕೆ ಹಾರುತ್ತಿರುವಾಗ ಎದ್ದು ಒಳಗೆ ಅಡ್ಡಾಡುವ ಸೌಲಭ್ಯ ಬಂದದ್ದು 2025ರ ಆಗಸ್ಟ್‌ನಲ್ಲಿ.

ಒಂದು ಇಡೀ ನಕ್ಷತ್ರಲೋಕವನ್ನು ಸೃಷ್ಟಿಸಬಲ್ಲವರಿಗೆ ನಾಲ್ಕು ಹೆಜ್ಜೆ ನಡೆಸುವುದು ಏಕೆ ಕಷ್ಟವಾಯಿತು?

ಗೂಡಿಗೆ ಮರಳದ ಹಕ್ಕಿ

ಇದಕ್ಕೆ ಉತ್ತರ ಹುಡುಕಲು ಕಂಪ್ಯೂಟರಿಗಿಂತ ಬಹಳ ಹಿಂದಕ್ಕೆ ಹೋಗಬೇಕು. ಕ್ರಿ.ಶ. 499ರಲ್ಲಿ, ತನ್ನ 23ನೇ ವಯಸ್ಸಿನಲ್ಲಿ ಆರ್ಯಭಟ ಬರೆದ 'ಆರ್ಯಭಟೀಯ'ದಲ್ಲಿ ಒಂದು ದೋಣಿಯ ಪ್ರಸ್ತಾಪವಿದೆ. ಮುಂದೆ ಸಾಗುವ ದೋಣಿಯಲ್ಲಿ ಕುಳಿತವನಿಗೆ ದಡದ ಮೇಲಿನ ಅಚಲ ವಸ್ತುಗಳು ಹಿಂದಕ್ಕೆ ಓಡುವಂತೆ ಕಾಣುತ್ತವೆ. ಹಾಗೆಯೇ, ನಿಂತಿರುವ ನಕ್ಷತ್ರಗಳು ಪಶ್ಚಿಮಕ್ಕೆ ಸರಿಯುವಂತೆ ಭೂಮಿಯ ಮೇಲಿರುವವರಿಗೆ ತೋರುತ್ತವೆ ಎಂದು ಅವನು ವಿವರಿಸಿದ. ತಿರುಗುತ್ತಿರುವುದು ಆಕಾಶವಲ್ಲ, ಭೂಮಿ ಎಂಬುದು ಇದರ ತಾತ್ಪರ್ಯ.

ಈ ಮಾತನ್ನು ಎಲ್ಲರೂ ಒಪ್ಪಲಿಲ್ಲ. ಮುಂದಿನ ಶತಮಾನದ ವರಾಹಮಿಹಿರ ಎತ್ತಿದ ಆಕ್ಷೇಪ ಬಹಳ ಸ್ವಾರಸ್ಯಕರ. ಭೂಮಿ ತಿರುಗುವುದು ನಿಜವಾದರೆ, ಆಕಾಶಕ್ಕೆ ಹಾರಿದ ಹಕ್ಕಿ ತನ್ನ ಗೂಡಿಗೆ ಮರಳುವುದು ಹೇಗೆ? ಅದು ಮೇಲಿರುವಷ್ಟರಲ್ಲಿ ಮರ, ಗೂಡು ಎಲ್ಲವೂ ಭೂಮಿಯೊಡನೆ ದೂರ ಹೋಗಿಬಿಡಬೇಕಲ್ಲವೇ? ಪ್ರಶ್ನೆಯಲ್ಲಿ ತರ್ಕದೋಷವೇನೂ ಕಾಣದು. ಭೂಮಧ್ಯರೇಖೆಯ ಬಳಿ ನೆಲ ಗಂಟೆಗೆ ಸುಮಾರು 1,670 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿದೆ ಎಂಬುದನ್ನು ನೆನೆದರೆ ಇಂದಿಗೂ ಒಂದು ಕ್ಷಣ ತಲೆ ಗಿರ್ರೆನ್ನುತ್ತದೆ.

ಇದಕ್ಕೆ ಸಮರ್ಪಕ ಉತ್ತರವನ್ನು 1632ರಲ್ಲಿ ಇಟಲಿಯ ಗೆಲಿಲಿಯೊ ಕೊಟ್ಟ. ದೊಡ್ಡ ಹಡಗಿನ ಕೆಳಗಿನ ಕೋಣೆಯೊಂದರಲ್ಲಿ ಬಾಗಿಲು ಹಾಕಿಕೊಂಡು ಕೂರಿ, ಜೊತೆಗೆ ಕೆಲವು ಪಾತರಗಿತ್ತಿಗಳಿರಲಿ, ಬೋಗುಣಿಯಲ್ಲಿ ಮೀನಿರಲಿ, ಮೇಲೆ ತೂಗುಹಾಕಿದ ಪಾತ್ರೆಯಿಂದ ಹನಿ ಹನಿಯಾಗಿ ನೀರು ಕೆಳಗಿನ ಪಾತ್ರೆಗೆ ಬೀಳುತ್ತಿರಲಿ ಎಂದು ಅವನು ಸೂಚಿಸಿದ. ಹಡಗು ನಿಂತಿರುವಾಗ ಏನೇನು ನಡೆಯುತ್ತದೆಯೋ, ಅದು ಒಂದೇ ಸಮನೆ ಸಾಗುತ್ತಿರುವಾಗಲೂ ಅದೇ ನಡೆಯುತ್ತದೆ. ಪಾತರಗಿತ್ತಿಗಳು ಹಿಂದಿನ ಗೋಡೆಗೆ ಬಡಿಯುವುದಿಲ್ಲ. ಹನಿ ಪಾತ್ರೆ ತಪ್ಪಿ ಬೀಳುವುದಿಲ್ಲ. ಹಡಗಿನಲ್ಲಿರುವ ಪ್ರತಿಯೊಂದು ವಸ್ತುವೂ ಹಡಗಿನ ವೇಗವನ್ನು ತನ್ನೊಳಗೇ ಹೊತ್ತುಕೊಂಡಿರುತ್ತದೆ ಎಂಬುದೇ ಕಾರಣ. ವರಾಹಮಿಹಿರನ ಹಕ್ಕಿಯೂ ಭೂಮಿಯ ವೇಗವನ್ನು ಹೊತ್ತೇ ಹಾರುತ್ತದೆ; ಸುತ್ತಲಿನ ಗಾಳಿಯೂ ಹಾಗೆಯೇ.

ಕಂಪ್ಯೂಟರಿನ ಪಾಡು ಮಾತ್ರ ವರಾಹಮಿಹಿರನ ಹಕ್ಕಿಯದೇ. ವಸ್ತುಗಳಿಗೆ ಅಲ್ಲಿ ಸ್ವಾಭಾವಿಕವಾದ ಜಡತ್ವವೆಂಬುದಿಲ್ಲ. ಹೇಳಿಕೊಟ್ಟಷ್ಟನ್ನೇ ಅದು ಮಾಡುತ್ತದೆ. ಹೇಳಿಕೊಡದಿದ್ದರೆ ಆಟಗಾರ ನೌಕೆಯಲ್ಲಿ ಒಮ್ಮೆ ನೆಗೆದರೂ ಸಾಕು. ನೌಕೆ ಅವನನ್ನು ಬಿಟ್ಟು ಹೊರಟುಹೋಗುತ್ತದೆ.

ಗೋಡೆಯೊಳಗಿಂದ ತೂರುವವರು

ಗೇಮಿನಲ್ಲಿ ಕಾಲ ಹರಿಯುವುದಿಲ್ಲ. ಸಿನಿಮಾ ರೀಲಿನಂತೆ ಚಿತ್ರದಿಂದ ಚಿತ್ರಕ್ಕೆ ನೆಗೆಯುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 60 ಚಿತ್ರ. ಪ್ರತಿ ಚಿತ್ರಕ್ಕೂ ಮೊದಲು ಕಂಪ್ಯೂಟರ್ ಪ್ರತಿ ವಸ್ತುವಿನ ಹೊಸ ಸ್ಥಾನವನ್ನು ಲೆಕ್ಕ ಹಾಕುತ್ತದೆ, ಯಾವುದಕ್ಕೆ ಯಾವುದು ತಾಗಿತು ಎಂದು ನೋಡುತ್ತದೆ.

ನೌಕೆಯ ವೇಗ ಸೆಕೆಂಡಿಗೆ 200 ಮೀಟರ್ ಇರಲಿ. ಆಗ ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಅದು ಮೂರು ಮೀಟರಿಗೂ ಹೆಚ್ಚು ಮುಂದೆ ಸರಿದಿರುತ್ತದೆ. ಒಂದು ಸಣ್ಣ ಕೋಣೆಯ ಉದ್ದ ಅದು. ಒಳಗೆ ನಿಂತವನ ಸ್ಥಾನವನ್ನು ಅದೇ ಕ್ಷಣದಲ್ಲಿ, ಅಷ್ಟೇ ದೂರ ಸರಿಸದಿದ್ದರೆ ಹಿಂದಿನ ಗೋಡೆ ಅವನನ್ನು ದಾಟಿಯೇ ಹೋಗಿಬಿಡುತ್ತದೆ. ಗೋಡೆ ಅವನಿಗೆ ತಾಗಿತೆಂಬುದೂ ಕಂಪ್ಯೂಟರಿಗೆ ತಿಳಿಯುವುದಿಲ್ಲ. ಏಕೆಂದರೆ ಮೊದಲ ಚಿತ್ರದಲ್ಲಿ ಗೋಡೆ ಅವನ ಹಿಂದಿತ್ತು, ಎರಡನೆಯದರಲ್ಲಿ ಮುಂದಿದೆ. ತಾಗಿದ ಕ್ಷಣದ ಚಿತ್ರವೇ ಇಲ್ಲ. ಬಡಪಾಯಿ ಆಟಗಾರ ಶೂನ್ಯದಲ್ಲಿ ತೇಲುತ್ತಾ, ದೂರವಾಗುತ್ತಿರುವ ತನ್ನದೇ ನೌಕೆಯನ್ನು ನೋಡುತ್ತಿರುತ್ತಾನೆ.

ಹಲವರು ಒಟ್ಟಾಗಿ ಆಡುವ ಆಟವಾದರೆ ಇನ್ನೊಂದು ತೊಡಕು. ಒಬ್ಬನ ಕಂಪ್ಯೂಟರಿನ ಸುದ್ದಿ ಮತ್ತೊಬ್ಬನಿಗೆ ತಲುಪಲು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾದರೂ ಸಾಕು, ಆ ವೇಗದಲ್ಲಿ ನೌಕೆ 20 ಮೀಟರ್ ಮುಂದೆ ಹೋಗಿರುತ್ತದೆ. ಒಳಗೆ ಕುಳಿತ ಗೆಳೆಯ ಹೊರಗೆ ತೇಲುತ್ತಿರುವಂತೆ ಕಾಣುತ್ತಾನೆ.

ರೈಲೆಂಬ ಟೋಪಿ

ಇಂಥ ತೊಡಕನ್ನು ತಪ್ಪಿಸಲು ತಯಾರಕರು ಹೂಡುವ ಉಪಾಯಗಳು ಒಮ್ಮೊಮ್ಮೆ ನಗೆ ತರಿಸುತ್ತವೆ. 'ಫಾಲ್‌ಔಟ್ 3' ಎಂಬ ಆಟದ 2009ರ ವಿಸ್ತರಣೆಯಲ್ಲಿ ಆಟಗಾರ ಸುರಂಗ ರೈಲಿನಲ್ಲಿ ಪ್ರಯಾಣಿಸುವ ಒಂದು ಸನ್ನಿವೇಶವಿದೆ. ಚಲಿಸುವ ವಾಹನವನ್ನು ಆ ಆಟದ ಪ್ರೋಗ್ರಾಂ ಅರಿಯದು. ಟೋಪಿ, ಕವಚ, ಕೈಗವಸುಗಳನ್ನು ಪಾತ್ರಕ್ಕೆ ತೊಡಿಸುವುದು ಮಾತ್ರ ಅದಕ್ಕೆ ಚೆನ್ನಾಗಿ ಗೊತ್ತು. ಸರಿ, ತಯಾರಕರು ರೈಲಿನ ಬೋಗಿಯನ್ನೇ ಒಂದು ಉಡುಪಿನಂತೆ ಮಾಡಿ ಪಾತ್ರಕ್ಕೆ ತೊಡಿಸಿ, ಹಳಿಯ ಮೇಲೆ ಓಡಿಸಿದರು. ರೈಲು ಪ್ರಯಾಣಿಕನನ್ನು ಹೊತ್ತೊಯ್ಯಲಿಲ್ಲ. ಪ್ರಯಾಣಿಕನೇ ರೈಲನ್ನು ಹೊತ್ತು ಓಡಿದ!

ವ್ಯೋಮನೌಕೆಯ ಆಟಗಳಿಗೆ ಈ ಬಗೆಯ ಗಾರುಡಿ ಸಾಲದು. ಅಲ್ಲಿ ಮುಖ್ಯವಾಗಿ ಎರಡು ದಾರಿಗಳು ರೂಢಿಗೆ ಬಂದಿವೆ.

ಮೊದಲನೆಯದು, ವಿಳಾಸ ಬರೆಯುವ ಕ್ರಮವನ್ನೇ ಬದಲಿಸುವುದು. ರೈಲಿನಲ್ಲಿರುವವರನ್ನು ಹುಡುಕಬೇಕಾದರೆ ಅವರ ಅಕ್ಷಾಂಶ, ರೇಖಾಂಶಗಳನ್ನು ಯಾರೂ ಕೇಳುವುದಿಲ್ಲ. 'ಎಸ್ 4 ಬೋಗಿ, 23ನೇ ಸೀಟು' ಎಂದರೆ ಸಾಕು. ರೈಲು ಎಲ್ಲಿಗೇ ಹೋಗಲಿ, ಆ ವಿಳಾಸ ಬದಲಾಗುವುದಿಲ್ಲ. ಹಾಗೆಯೇ ಆಟಗಾರನ ಸ್ಥಾನವನ್ನು ಬ್ರಹ್ಮಾಂಡದ ಲೆಕ್ಕದಲ್ಲಿ ಬರೆಯದೆ, 'ನೌಕೆಯ ಮಧ್ಯದಿಂದ ಎರಡು ಮೀಟರ್ ಹಿಂದೆ, ಒಂದು ಮೀಟರ್ ಎಡಕ್ಕೆ' ಎಂದು ಬರೆದಿಡುವುದು. ನೌಕೆ ಓಡಲಿ, ವಾಲಲಿ, ತಲೆಕೆಳಗಾಗಲಿ, ಒಳಗಿನವರು ಜೊತೆಗೇ ಸಾಗುತ್ತಾರೆ. ಸುದ್ದಿ ತಡವಾಗಿ ತಲುಪಿದರೂ ಗೆಳೆಯ ತನ್ನ ಸೀಟಿನಲ್ಲೇ ಕಾಣುತ್ತಾನೆ.

ಎರಡನೆಯದು ಇನ್ನೂ ಒಂದು ಹೆಜ್ಜೆ ಮುಂದೆ. ನೌಕೆಯ ಒಳಾಂಗಣಕ್ಕೇ ಒಂದು ಪ್ರತ್ಯೇಕ ಪುಟ್ಟ ಲೋಕವನ್ನು ಕೊಟ್ಟುಬಿಡುವುದು. ಅಲ್ಲಿ ನೆಲ ಅಲುಗುವುದೇ ಇಲ್ಲ. ನಡೆಯುವುದು, ನೆಗೆಯುವುದು, ಪೆಟ್ಟಿಗೆಗಳು ಉರುಳುವುದು ಎಲ್ಲವೂ ಆ ನಿಶ್ಚಲ ಲೋಕದಲ್ಲಿ ಲೆಕ್ಕವಾಗುತ್ತದೆ. ಹೊರಗಿನ ವಿಶ್ವದಲ್ಲಿ ಓಡುವುದು ನೌಕೆಯ ಹೊರಮೈ ಮಾತ್ರ. ಕಂಪ್ಯೂಟರ್ ಇವೆರಡನ್ನೂ ಹೊಂದಿಸಿ ಒಂದೇ ಚಿತ್ರವಾಗಿ ತೋರಿಸುತ್ತದೆ. 2012ರಲ್ಲಿ ಜನರಿಂದಲೇ ಹಣ ಸಂಗ್ರಹಿಸಿ ಆರಂಭವಾದ 'ಸ್ಟಾರ್ ಸಿಟಿಜನ್' ಎಂಬ ಮಹತ್ವಾಕಾಂಕ್ಷೆಯ ಆಟ ಹಿಡಿದದ್ದು ಈ ದಾರಿ. ಅದರಲ್ಲಿ ಪ್ರತಿ ನೌಕೆಗೂ ತನ್ನದೇ ಆದ ಭೌತಿಕ ಲೋಕವಿದೆ.

ಇದರಲ್ಲಿ ಎಚ್ಚರ ವಹಿಸಬೇಕಾದ ಸ್ಥಳವೆಂದರೆ ಬಾಗಿಲು. ಆಟಗಾರ ನೌಕೆಯಿಂದ ಹೊರಕ್ಕೆ ಕಾಲಿಟ್ಟ ಕ್ಷಣವೇ ಒಳಲೋಕದಿಂದ ಅವನ ಹೆಸರು ತೆಗೆದು, ಹೊರಲೋಕದಲ್ಲಿ ಬರೆದು, ನೌಕೆಯ ವೇಗವನ್ನು ಅವನ ವೇಗಕ್ಕೆ ಕೂಡಿಸಬೇಕು. ಕೂಡಿಸಲು ಮರೆತರೆ ಹೊಸ್ತಿಲು ದಾಟಿದವನನ್ನು ಬಿಟ್ಟು ನೌಕೆ ಬಾಣದಂತೆ ಮಾಯವಾಗುತ್ತದೆ. ಗೆಲಿಲಿಯೊ ಹೇಳಿದ 'ಒಳಗೇ ಹೊತ್ತುಕೊಂಡ ವೇಗ' ಇದೇ. ನಿಸರ್ಗದಲ್ಲಿ ಅದು ತಾನಾಗಿ ಬರುತ್ತದೆ. ಗೇಮಿನಲ್ಲಿ ಗುಮಾಸ್ತ ಬರೆದಿಟ್ಟರೆ ಮಾತ್ರ.

ಏಳು ಅಂಕಿಯ ಪುಸ್ತಕ

ಆ ಗುಮಾಸ್ತನ ಲೆಕ್ಕದ ಪುಸ್ತಕದಲ್ಲೂ ಒಂದು ಕೊರತೆಯಿದೆ. ಗೇಮುಗಳಲ್ಲಿ ಸಾಮಾನ್ಯವಾಗಿ ಬಳಸುವ 32 ಬಿಟ್‌ನ ಸಂಖ್ಯೆಗಳಲ್ಲಿ ಸುಮಾರು ಏಳು ಅಂಕಿಗಳಷ್ಟೇ ನಿಖರವಾಗಿ ಉಳಿಯುತ್ತವೆ. ಏಳೇ ಅಂಕಣಗಳಿರುವ ಖಾತೆ ಪುಸ್ತಕವನ್ನು ಊಹಿಸಿಕೊಳ್ಳಿ. ನೂರಿನ್ನೂರು ರೂಪಾಯಿಯ ವ್ಯವಹಾರವಾದರೆ ಪೈಸೆಯನ್ನೂ ಬರೆಯಬಹುದು. ಕೋಟಿಗಟ್ಟಲೆ ರೂಪಾಯಿಯಾದರೆ ಪೈಸೆಗಿರಲಿ, ಬಿಡಿ ರೂಪಾಯಿಗೂ ಜಾಗವಿರುವುದಿಲ್ಲ.

ಗೇಮಿನ ವಿಶ್ವಕ್ಕೂ ಒಂದು ನಡುಬಿಂದುವಿರುತ್ತದೆ. ಎಲ್ಲ ದೂರಗಳನ್ನೂ ಅಲ್ಲಿಂದಲೇ ಅಳೆಯಬೇಕು. ಆ ಬಿಂದುವಿನ ಹತ್ತಿರ ಕೂದಲೆಳೆಯಷ್ಟು ಚಲನೆಯನ್ನೂ ಬರೆಯಬಹುದು. 100 ಕಿಲೋಮೀಟರ್ ದೂರ ಹೋದರೆ ಎರಡು ಅಕ್ಕಪಕ್ಕದ ಸ್ಥಾನಗಳ ನಡುವೆ ಸುಮಾರು 8 ಮಿಲಿಮೀಟರ್ ಅಂತರ ಬೀಳುತ್ತದೆ. ಕೈ ಬೆರಳುಗಳು ನಡುಗತೊಡಗುತ್ತವೆ. ಭೂಮಿಯಿಂದ ಸೂರ್ಯನಿಗಿರುವಷ್ಟು, ಅಂದರೆ 15 ಕೋಟಿ ಕಿಲೋಮೀಟರ್ ದೂರ ಹೋದರೆ ಆ ಅಂತರ 16 ಕಿಲೋಮೀಟರ್! ಅಲ್ಲಿ ಆಟಗಾರ ಒಂದು ಹೆಜ್ಜೆ ಇಡಬೇಕೆಂದರೆ 16 ಕಿಲೋಮೀಟರಿನ ಹೆಜ್ಜೆಯೇ ಆಗಬೇಕು, ಇಲ್ಲವೇ ನಿಂತಲ್ಲೇ ನಿಲ್ಲಬೇಕು.

ಮೆಕ್ಸಿಕೊ ದೇಶದ ಸ್ಕ್ವಾಡ್ ಸಂಸ್ಥೆ 2011ರಲ್ಲಿ ಮೊದಲು ಬಿಡುಗಡೆ ಮಾಡಿದ 'ಕರ್ಬಲ್ ಸ್ಪೇಸ್ ಪ್ರೋಗ್ರಾಂ' ಆಟಗಾರರಿಗೆ ಇದರ ಅನುಭವ ಚೆನ್ನಾಗಿಯೇ ಆಯಿತು. ರಾಕೆಟ್ ಕಟ್ಟಿ ಹಾರಿಸುವ ಈ ಆಟವನ್ನು ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಕೂಡ ಮೆಚ್ಚಿ, 2014ರಲ್ಲಿ ಅದರೊಡನೆ ಸೇರಿ ಕ್ಷುದ್ರಗ್ರಹಗಳ ಕುರಿತ ಒಂದು ಭಾಗವನ್ನು ಹೊರತಂದಿತು. ಆದರೆ ಆರಂಭದ ದಿನಗಳಲ್ಲಿ ದೂರದ ಆಕಾಶದಲ್ಲಿ ಹೋಗುತ್ತಿದ್ದ ನೌಕೆಗಳು ಯಾವ ಕಾರಣವೂ ಇಲ್ಲದೆ ಗಡಗಡ ನಡುಗಿ ಚೂರುಚೂರಾಗುತ್ತಿದ್ದವು. ನಾವಿಕರ ಕಥೆಗಳಲ್ಲಿ ಹಡಗು ನುಂಗುವ ಸಮುದ್ರರಾಕ್ಷಸ 'ಕ್ರಾಕೆನ್' ಹೆಸರನ್ನೇ ಆಟಗಾರರು ಈ ಪೀಡೆಗೆ ಇಟ್ಟರು. ರಾಕ್ಷಸ ಬೇರಾರೂ ಅಲ್ಲ, ಅಂಕಿ ಸಾಲದ ಲೆಕ್ಕದ ಪುಸ್ತಕ.

ಪರಿಹಾರವಾಗಿ ಬಂದ ಉಪಾಯವೇ ಈ ಇಡೀ ಕಥೆಯ ತಿರುಳು. ನೌಕೆಯನ್ನು ನಡುಬಿಂದುವಿನಿಂದ ದೂರ ಹೋಗಲು ಬಿಟ್ಟರೆ ತಾನೆ ತೊಂದರೆ? ನೌಕೆಯನ್ನು ಓಡಿಸುವುದೇ ಬೇಡ. ಅದನ್ನು ನಡುಬಿಂದುವಿನಲ್ಲೇ ನಿಲ್ಲಿಸಿ, ಸೂರ್ಯ, ಗ್ರಹ, ಉಪಗ್ರಹಗಳೆಲ್ಲವನ್ನೂ ಹಿಂದಕ್ಕೆ ಸರಿಸಿದರಾಯಿತು. ನೋಡುವವನಿಗೆ ಎರಡೂ ಒಂದೇ. ಕರ್ಬಲ್ ತಂಡ ಈ ತಂತ್ರಕ್ಕೆ ಕ್ರಾಕೆನ್ ಸಂಹಾರಿ ಎಂಬ ಅರ್ಥದ ಹೆಸರಿಟ್ಟಿತು.

2019ರಲ್ಲಿ ಬಂದು, ಮರುವರ್ಷ ಬ್ರಿಟನ್ನಿನ ಬಾಫ್ಟಾ ಶ್ರೇಷ್ಠ ಗೇಮ್ ಪ್ರಶಸ್ತಿ ಪಡೆದ 'ಔಟರ್ ವೈಲ್ಡ್ಸ್' ಕೂಡ ಇದೇ ಹಾದಿ ಹಿಡಿಯಿತು. ಅಲೆಕ್ಸ್ ಬೀಚಮ್ ಎಂಬ ವಿದ್ಯಾರ್ಥಿಯ ಸ್ನಾತಕೋತ್ತರ ಪ್ರಬಂಧವಾಗಿ ಹುಟ್ಟಿದ ಈ ಆಟದಲ್ಲಿ ಪುಟ್ಟ ಪುಟ್ಟ ಗ್ರಹಗಳು ನಿಜವಾಗಿಯೇ ಸೂರ್ಯನನ್ನು ಸುತ್ತುತ್ತವೆ. ಆಟಗಾರ ಒಂದು ಗ್ರಹದಿಂದ ಇನ್ನೊಂದಕ್ಕೆ ಹಾರುತ್ತಾನೆ, ಇಳಿದು ನಡೆಯುತ್ತಾನೆ. ಆದರೆ ಪ್ರೋಗ್ರಾಮಿನ ಕಣ್ಣಿನಲ್ಲಿ ಅವನು ಎಂದೂ ಕದಲುವುದಿಲ್ಲ. ಅವನು ಒಂದು ಹೆಜ್ಜೆ ಮುಂದಿಟ್ಟರೆ ಇಡೀ ಸೌರವ್ಯೂಹ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. 'ಸ್ಟಾರ್ ಸಿಟಿಜನ್' ತಂಡವಾದರೋ ಪುಸ್ತಕದ ಅಂಕಣಗಳನ್ನೇ ಹೆಚ್ಚಿಸಿ, 64 ಬಿಟ್‌ನ ಸಂಖ್ಯೆಗಳಿಗೆ ಬದಲಾಯಿತು. ಅದರಲ್ಲಿ ಸೂರ್ಯನಷ್ಟು ದೂರದಲ್ಲೂ ತಪ್ಪು ಕೂದಲೆಳೆಯ ದಪ್ಪವನ್ನು ಮೀರದು.

ಹಡಗು ನಿಂತಿದೆ, ಆಕಾಶ ಓಡುತ್ತಿದೆ. ಆರ್ಯಭಟನ ದೋಣಿಯಲ್ಲಿ ಕುಳಿತವನಿಗೆ ಕಣ್ಣಿನ ಭ್ರಮೆಯಾಗಿದ್ದದ್ದು ಇಲ್ಲಿ ಲೆಕ್ಕದ ಮಟ್ಟಿಗೆ ನಿಜವೇ ಆಗಿದೆ. ಸಮವೇಗದ ಚಲನೆಯಲ್ಲಿ ಯಾರು ನಿಂತಿದ್ದಾರೆ, ಯಾರು ಓಡುತ್ತಿದ್ದಾರೆ ಎಂಬುದನ್ನು ನಿಸರ್ಗ ನಿರ್ಧರಿಸಿಟ್ಟಿಲ್ಲ. ಲೆಕ್ಕ ಹಾಕುವವರ ಅನುಕೂಲಕ್ಕೆ ಬಿಟ್ಟಿದೆ. ಈ ಸೂಕ್ಷ್ಮವನ್ನು ಗೇಮ್ ತಯಾರಕರು ತತ್ವಶಾಸ್ತ್ರಕ್ಕಾಗಿ ಅಲ್ಲ, ನೌಕೆ ಪುಡಿಯಾಗದಿರಲೆಂದು ಕಂಡುಕೊಂಡರು.

'ಕೆಳಗೆ' ಎಂಬುದು ಯಾವ ಕಡೆ?

ನಡೆಯಲು ನಿಶ್ಚಲ ನೆಲ ಸಿಕ್ಕಿತು. ಆದರೆ ನೆಲಕ್ಕೆ ಕಾಲು ಅಂಟಬೇಕಾದರೆ ತೂಕ ಬೇಕು. ಅದಕ್ಕೆ ಗುರುತ್ವಾಕರ್ಷಣೆ ಬೇಕು.

ವಿಡಿಯೊ ಗೇಮಿಗೂ ಗುರುತ್ವಕ್ಕೂ ಹಳೆಯ ನಂಟು. ಅಮೆರಿಕದ ಎಂ.ಐ.ಟಿ.ಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು 1962ರಲ್ಲಿ ಪಿಡಿಪಿ-1 ಎಂಬ ಕಂಪ್ಯೂಟರಿಗಾಗಿ ಬರೆದ 'ಸ್ಪೇಸ್‌ವಾರ್' ಆಟದಲ್ಲೇ ಪರದೆಯ ನಡುವೆ ಒಂದು ನಕ್ಷತ್ರವಿತ್ತು. ಅದು ನೌಕೆಗಳನ್ನು ತನ್ನತ್ತ ಸೆಳೆಯುತ್ತಿತ್ತು. ಆದರೆ ಹಾರಿಬಿಟ್ಟ ಟಾರ್ಪೆಡೊಗಳನ್ನು ಸೆಳೆಯುತ್ತಿರಲಿಲ್ಲ. ಅಷ್ಟೂ ಲೆಕ್ಕವನ್ನು ಮಾಡುವ ತ್ರಾಣ ಆ ಯಂತ್ರಕ್ಕೆ ಇರಲಿಲ್ಲ.

ಪ್ರೋಗ್ರಾಮಿನಲ್ಲಿ ಗುರುತ್ವವೆಂದರೆ ಒಂದು ಬಾಣದ ಗುರುತು, ಅಷ್ಟೇ. ಬಾಣದ ದಿಕ್ಕು 'ಕೆಳಗೆ'. ಅದರ ಉದ್ದ ಸೆಳೆತದ ಬಲ. ಪ್ರತಿ ಚಿತ್ರದಲ್ಲೂ ವಸ್ತುವಿನ ವೇಗಕ್ಕೆ ಆ ದಿಕ್ಕಿನಲ್ಲಿ ಇಷ್ಟು ಕೂಡಿಸು ಎಂದು ಬರೆದರೆ ಸಾಕು, ಅದು ಬೀಳತೊಡಗುತ್ತದೆ. ಬಾಣವನ್ನು ತಿರುಗಿಸಿದರೆ ಗೋಡೆಯೇ ನೆಲವಾಗುತ್ತದೆ. 2007ರ 'ಸೂಪರ್ ಮಾರಿಯೊ ಗ್ಯಾಲಕ್ಸಿ'ಯಲ್ಲಿ ಬಾಣ ಸದಾ ಪುಟ್ಟ ಗ್ರಹದ ನಡುವಿಗೆ ಮುಖಮಾಡಿರುತ್ತದೆ. ಆದ್ದರಿಂದ ಮಾರಿಯೊ ಗೋಲದ ಸುತ್ತ ಇರುವೆಯಂತೆ ಓಡಿದರೂ ಉದುರಿ ಬೀಳುವುದಿಲ್ಲ. ಜೆಕ್ ದೇಶದ ಕೀನ್ ಸಂಸ್ಥೆ 2013ರಿಂದ ಹೊರತಂದ 'ಸ್ಪೇಸ್ ಎಂಜಿನಿಯರ್ಸ್' ಆಟದಲ್ಲಿ 'ಗುರುತ್ವ ಜನಕ' ಎಂಬ ಪೆಟ್ಟಿಗೆಯೇ ಇದೆ. ಅದನ್ನು ನೌಕೆಯಲ್ಲಿಟ್ಟು ಸೆಳೆತ ಎಷ್ಟು, ಎಲ್ಲಿಯವರೆಗೆ ಎಂದು ಗೊತ್ತುಪಡಿಸಬಹುದು. ಆ ಎಲ್ಲೆಯ ಒಳಗೆ ತೂಕ, ದಾಟಿದರೆ ತೇಲಾಟ.

ಇಂಥ ಪೆಟ್ಟಿಗೆಯನ್ನು ನಿಜ ಜಗತ್ತಿನಲ್ಲಿ ಮಾಡುವ ವಿದ್ಯೆ ಯಾರಿಗೂ ಗೊತ್ತಿಲ್ಲ. ಗೊತ್ತಿರುವುದು ಎರಡೇ ದಾರಿ. ಅವೆರಡಕ್ಕೂ ಮೂಲ 1907ರಲ್ಲಿ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಕೆಲಸದಲ್ಲಿದ್ದ ಐನ್‌ಸ್ಟೈನ್‌ಗೆ ಹೊಳೆದ ಒಂದು ವಿಚಾರ. ಮುಚ್ಚಿದ ಪೆಟ್ಟಿಗೆಯೊಳಗೆ ಇರುವವನಿಗೆ ತನ್ನನ್ನು ಕೆಳಕ್ಕೆ ಸೆಳೆಯುತ್ತಿರುವುದು ಗುರುತ್ವವೋ ಅಥವಾ ಪೆಟ್ಟಿಗೆಯೇ ಮೇಲ್ಮುಖವಾಗಿ ವೇಗ ಹೆಚ್ಚಿಸಿಕೊಳ್ಳುತ್ತಿದೆಯೋ ಹೇಳಲು ಬಾರದು. ಮೊದಲ ದಾರಿ ಇದೇ: ರಾಕೆಟ್ ಎಂಜಿನನ್ನು ನಿಲ್ಲಿಸದೆ ಉರಿಸುತ್ತಾ ವೇಗ ಹೆಚ್ಚಿಸುತ್ತಲೇ ಹೋಗುವುದು. ಅಷ್ಟು ಇಂಧನವನ್ನು ಹೊರಬಲ್ಲ ನೌಕೆ ಇಲ್ಲ. ಎರಡನೆಯ ದಾರಿ, ತಿರುಗುವುದು.

ಗಾಣದೆತ್ತಿನಂತೆ

ನೀರು ತುಂಬಿದ ಚೊಂಬಿಗೆ ಹಗ್ಗ ಕಟ್ಟಿ ಗಿರಗಿರನೆ ತಿರುಗಿಸಿದರೆ ಚೊಂಬು ತಲೆಕೆಳಗಾದಾಗಲೂ ನೀರು ಚೆಲ್ಲುವುದಿಲ್ಲ. ಬೃಹತ್ ಚಕ್ರದಾಕಾರದ ನೌಕೆ ಹಾಗೆ ತಿರುಗಿದರೆ ಅದರ ಹೊರ ಅಂಚಿನ ಒಳಮೈಯೇ ನೆಲವಾಗುತ್ತದೆ. ರಾಕೆಟ್ ತಜ್ಞ ವರ್ನರ್ ಫಾನ್ ಬ್ರೌನ್ 1952ರಲ್ಲಿ ಅಮೆರಿಕದ 'ಕೋಲಿಯರ್ಸ್' ಪತ್ರಿಕೆಯಲ್ಲಿ 250 ಅಡಿ ವ್ಯಾಸದ ಇಂಥ ಚಕ್ರವನ್ನು ವಿವರಿಸಿದ. 1968ರ '2001: ಎ ಸ್ಪೇಸ್ ಒಡಿಸ್ಸಿ' ಚಿತ್ರಕ್ಕಾಗಿ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ 38 ಅಡಿ ವ್ಯಾಸದ, ನಿಜವಾಗಿಯೂ ತಿರುಗುವ ಸೆಟ್ಟನ್ನೇ ಕಟ್ಟಿಸಿದ. ನಟ ಕೆಳಭಾಗದಲ್ಲಿ ನಿಂತಲ್ಲೇ ಓಡುತ್ತಿದ್ದ, ಚಕ್ರ ಅವನ ಕಾಲಡಿ ಉರುಳುತ್ತಿತ್ತು. ತೆರೆಯ ಮೇಲೆ ಮಾತ್ರ ಅವನೇ ಚಕ್ರದ ಸುತ್ತ ಓಡಿದಂತೆ ಕಂಡಿತು. ಗೇಮಿನವರು ಬಳಿಕ ಮಾಡಿದ್ದನ್ನೇ ಕುಬ್ರಿಕ್ ಕಬ್ಬಿಣದಲ್ಲಿ ಮಾಡಿದ್ದ. 'ಔಟರ್ ವೈಲ್ಡ್ಸ್'ನ 2021ರ ವಿಸ್ತರಣೆಯಲ್ಲೂ ತಿರುಗುವ ಉಂಗುರದಂಥ ನೌಕೆಯಿದೆ; ಅದರ ಒಳಮೈಯಲ್ಲಿ ನದಿಯೇ ಹರಿಯುತ್ತದೆ.

ಆದರೆ ತಿರುಗುವ ನೆಲ ನಿಂತ ನೆಲದಂತಲ್ಲ. ಗೆಲಿಲಿಯೊನ ಪಾತರಗಿತ್ತಿ ಇಲ್ಲಿ ಮೋಸಹೋಗುವುದಿಲ್ಲ. ಚಕ್ರ ತಿರುಗುವ ದಿಕ್ಕಿನಲ್ಲಿ ಓಡಿದರೆ ಮೈ ಭಾರವಾಗುತ್ತದೆ, ಎದುರು ದಿಕ್ಕಿನಲ್ಲಿ ಓಡಿದರೆ ಹಗುರ. ಕೈಬಿಟ್ಟ ಚೆಂಡು ನೇರ ಕಾಲ ಬಳಿ ಬೀಳದೆ ಪಕ್ಕಕ್ಕೆ ಸರಿಯುತ್ತದೆ. ತಲೆ ಹೊರಳಿಸಿದರೆ ಕಿವಿಯೊಳಗಿನ ದ್ರವ ಅಡ್ಡಾದಿಡ್ಡಿಯಾಗಿ ಹೊಯ್ದಾಡಿ ಓಕರಿಕೆ ಬರುತ್ತದೆ. ಇದನ್ನು ತಪ್ಪಿಸಲು ಚಕ್ರ ನಿಧಾನವಾಗಿ ತಿರುಗಬೇಕು. ನಿಧಾನವಾಗಿ ತಿರುಗಿಯೂ ತೂಕ ಬರಬೇಕಾದರೆ ಅದು ದೊಡ್ಡದಿರಬೇಕು. ನಿಮಿಷಕ್ಕೆ ನಾಲ್ಕು ಸುತ್ತಾದರೆ ಭೂಮಿಯ ಮೇಲಿನಷ್ಟೇ ತೂಕಕ್ಕೆ 56 ಮೀಟರ್ ತ್ರಿಜ್ಯ ಸಾಕು. ಎರಡು ಸುತ್ತಾದರೆ 224 ಮೀಟರ್ ಬೇಕು. ಒಂದೇ ಸುತ್ತಾದರೆ ಸುಮಾರು 900 ಮೀಟರ್. ಅಷ್ಟು ದೊಡ್ಡದನ್ನು ಆಕಾಶದಲ್ಲಿ ಕಟ್ಟಿದವರಿಲ್ಲ. 1966ರಲ್ಲಿ 'ಜೆಮಿನಿ 11' ಯಾನಿಗಳು ಇನ್ನೊಂದು ನೌಕೆಗೆ 30 ಮೀಟರ್ ಪಟ್ಟಿ ಕಟ್ಟಿ ಮೆಲ್ಲಗೆ ಸುತ್ತಿ ಪಡೆದ ತೂಕ ಲೆಕ್ಕಕ್ಕಷ್ಟೇ ಸಿಗುವಂಥದ್ದು.

ತಿರುಗಿಸಿದರೆ ತೂಕ ಬರುವುದು ಬೆಂಗಳೂರಿನಲ್ಲೂ ನಿತ್ಯದ ಮಾತು. ಭಾರತೀಯ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಉದ್ದನೆಯ ತೋಳಿನ ತುದಿಗೆ ಪುಟ್ಟ ಕೋಣೆಯಿರುವ ಯಂತ್ರವೊಂದಿದೆ. ಪೈಲಟ್ ಅದರಲ್ಲಿ ಕೂರುತ್ತಾನೆ, ಯಂತ್ರ ಗಾಣದೆತ್ತಿನಂತೆ ಸುತ್ತುತ್ತದೆ. ಯುದ್ಧವಿಮಾನದ ತಿರುವುಗಳಲ್ಲಿ ಹಲವು ಪಟ್ಟು ಹೆಚ್ಚುವ ತೂಕವನ್ನು ಅವನು ನೆಲದ ಮೇಲೇ ಅನುಭವಿಸಿ ಪಳಗುತ್ತಾನೆ.

ದೇಹ ನಂಬುವುದಿಲ್ಲ

ಇಷ್ಟೆಲ್ಲ ಆಟಿಕೆಯ ವಿಷಯವೆಂದು ತಳ್ಳಿಹಾಕುವಂತಿಲ್ಲ. ಕಣ್ಣನ್ನು ನಂಬಿಸುವುದು ಸುಲಭ, ದೇಹವನ್ನು ಅಲ್ಲ. ಕಣ್ಣಿಗೆ ಕನ್ನಡಕದಂತೆ ಪರದೆ ಕಟ್ಟಿಕೊಂಡು ಇಂಥ ಆಟ ಆಡಿದವರಲ್ಲಿ ಹಲವರಿಗೆ ತಲೆಸುತ್ತು ಬರುವುದು ಇದೇ ಕಾರಣಕ್ಕೆ. ನೌಕೆ ವಾಲುತ್ತಿದೆ ಎಂದು ಕಣ್ಣು ಹೇಳುತ್ತದೆ. ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದೀಯೆ ಎಂದು ಕಿವಿಯೊಳಗಿನ ಸಮತೋಲನದ ಅಂಗ ಹೇಳುತ್ತದೆ. ಎರಡು ಸಾಕ್ಷಿಗಳು ಹೊಂದದಿದ್ದಾಗ ಹೊಟ್ಟೆ ತೊಳೆಸುತ್ತದೆ.

ನಿಜವಾದ ಗಗನಯಾತ್ರಿಗಳ ಕಷ್ಟ ಇದಕ್ಕಿಂತ ದೊಡ್ಡದು. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಗುರುತ್ವವೇ ಇಲ್ಲವೆಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. ಅಲ್ಲಿಯೂ ನೆಲದ ಮೇಲಿನ ಸೆಳೆತದ ಶೇಕಡಾ 89ರಷ್ಟು ಇದೆ. ನಿಲ್ದಾಣ ಮತ್ತು ಅದರೊಳಗಿನವರು ಒಟ್ಟಾಗಿ, ಒಂದೇ ವೇಗದಲ್ಲಿ ಭೂಮಿಯ ಸುತ್ತ ಬೀಳುತ್ತಲೇ ಇರುವುದರಿಂದ ತೂಕ ತಿಳಿಯುವುದಿಲ್ಲ. ಹೊರೆ ಇಲ್ಲದ ಎಲುಬು ಸವೆಯತೊಡಗುತ್ತದೆ. ದೇಹದ ಭಾರ ಹೊರುವ ಎಲುಬುಗಳು ತಿಂಗಳಿಗೆ ಶೇಕಡಾ ಒಂದರಿಂದ ಒಂದೂವರೆಯಷ್ಟು ಸಾಂದ್ರತೆ ಕಳೆದುಕೊಳ್ಳಬಲ್ಲವು. ಸ್ನಾಯುಗಳು ಕೃಶವಾಗುತ್ತವೆ. ಅದನ್ನು ತಡೆಯಲು ಯಾತ್ರಿಗಳು ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಮಾಡಬೇಕು. ಓಡುವ ಪಟ್ಟಿಯ ಮೇಲೆ ಓಡಬೇಕಾದರೆ ಮೈಯನ್ನು ಪಟ್ಟಿಗಳಿಂದ ಕೆಳಕ್ಕೆ ಬಿಗಿದುಕೊಳ್ಳಬೇಕು.

2025ರ ಜೂನ್ 26ರಂದು ಆ ನಿಲ್ದಾಣ ತಲುಪಿದ ಭಾರತದ ಶುಭಾಂಶು ಶುಕ್ಲಾ ಅಲ್ಲಿ ಕೈಗೊಂಡ ಪ್ರಯೋಗಗಳಲ್ಲಿ ಒಂದು ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯದು. ತೂಕವಿಲ್ಲದ ಸ್ಥಿತಿಯಲ್ಲಿ ಸ್ನಾಯು ಕೋಶಗಳು ಏಕೆ ಸೊರಗುತ್ತವೆ, ಮತ್ತೆ ಹೇಗೆ ಬೆಳೆಯುತ್ತವೆ ಎಂದು ತಿಳಿಯುವುದು ಅದರ ಉದ್ದೇಶ. ಉತ್ತರ ಸಿಕ್ಕರೆ ಮಂಗಳಯಾತ್ರಿಗಳಿಗಷ್ಟೇ ಅಲ್ಲ, ಹಾಸಿಗೆ ಹಿಡಿದ ವೃದ್ಧರಿಗೂ ಅದರಿಂದ ಉಪಯೋಗವಾದೀತು. ಮಂಗಳಕ್ಕೆ ಹೋಗುವುದೇ ಆರೇಳು ತಿಂಗಳ ಪಯಣ. ಅಲ್ಲಿ ಇಳಿದಾಗ ಕೈಹಿಡಿದು ಎಬ್ಬಿಸುವವರು ಯಾರೂ ಇರುವುದಿಲ್ಲ.

ಗೇಮಿನಲ್ಲಿ ಒಂದು ಬಾಣ ಬರೆದರೆ 'ಕೆಳಗೆ' ಎಂಬುದು ಹುಟ್ಟಿಕೊಳ್ಳುತ್ತದೆ. ನೌಕೆಯನ್ನು ನಿಲ್ಲಿಸಿ ಬ್ರಹ್ಮಾಂಡವನ್ನೇ ಓಡಿಸಬಹುದು. ಚಲನೆಯ ವಿಷಯದಲ್ಲಿ ಆ ಲೆಕ್ಕಕ್ಕೆ ನಿಸರ್ಗವೂ ತಕರಾರು ತೆಗೆಯುವುದಿಲ್ಲ. ತೂಕದ ವಿಷಯ ಬಂದಾಗ ಮಾತ್ರ ಅದು ಕಟ್ಟುನಿಟ್ಟು. ಹೊತ್ತ ಹೊರೆಗೆ ತಕ್ಕಷ್ಟೇ ಎಲುಬು, ಸಾಲವಿಲ್ಲ, ರಿಯಾಯಿತಿಯಿಲ್ಲ. ಓಡುವ ರೈಲಿನಲ್ಲಿ ಒಂದು ತೊಟ್ಟೂ ಚೆಲ್ಲದೆ ಚಹಾ ಹಂಚುವವನು ಗೆಲಿಲಿಯೊನ ನಿಯಮವನ್ನೂ ಭೂಮಿಯ ಸೆಳೆತವನ್ನೂ ಒಟ್ಟಿಗೆ ನಂಬಿಯೇ ಹೆಜ್ಜೆ ಇಡುತ್ತಾನೆ. ಅವನ ನಾಲ್ಕು ಹೆಜ್ಜೆಗಳನ್ನು ಕಂಪ್ಯೂಟರಿಗೆ ಕಲಿಸಲು ಹೊರಟವರಿಗೆ ಮಾತ್ರ ಅದರ ಬೆಲೆ ತಿಳಿಯಿತು.